ಮಾರುತಿ 800 ಕೊಡುವ ವಿಚಾರವಾಗಿ ಕಾಕಾನ ಉತ್ತರ

ಎಲ್ಲರಿಗೂ ನಮಸ್ಕಾರ. ತಮ್ಮಾ, ನಿನ್ನೆ ರಾತ್ರಿ ನೀನು ವಿಜಯಪುರದಿಂದ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಣ್ಣನ 1998ರ ಮಾರುತಿ 800 ಕೊಟ್ಟು, ಗೋವಾದಲ್ಲಿ ಮಾರಾಟಕ್ಕಿರುವ 2011ರ ಗ್ರ್ಯಾಂಡ್ ವಿಟಾರಾ, ಅಂದರೆ ಜಪಾನಿನಲ್ಲೇ ಪೂರ್ತಿ ತಯಾರಾಗಿ ಬಂದ ಗಾಡಿಯನ್ನು, ತೆಗೆದುಕೊಳ್ಳಲೇ ಎಂದು ಕೇಳಿದ್ದೀಯ. ಅಪ್ಪನ ಪದ್ಮಿನಿ ಕಾರು ಕೊಟ್ಟು ಪರದೇಶದ ಹಳೆಯ ಗಾಡಿ ತಂದವನು ನಮ್ಮ ಮನೆತನದಲ್ಲಿ ನಾನೊಬ್ಬನೇ ಆದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ. ಸ್ವಲ್ಪ ಉದ್ದವಾಗುತ್ತದೆ, ಚಹಾ ಕುಡಿಯುತ್ತ ಕೇಳಿರಿ.

ಮೊದಲಿಗೆ, ಮಸ್ಕತ್‌ನಲ್ಲಿರುವ ಮಾಮಾ ತಮ್ಮದೇ ಕಾರನ್ನು ಹಡಗಿನಲ್ಲಿ ಕಳಿಸುತ್ತೇನೆ ಎಂದಿರುವ ಮಾತನ್ನು ಇಲ್ಲಿಗೇ ಬಿಡೋಣ. ಹೊರಗಿನಿಂದ ಬರುವ ಹಳೆಯ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬಯಿ ಬಂದರಿನಲ್ಲೇ ಇಳಿಯಬೇಕು ಎಂದು ನಿಯಮಗಳಿವೆ; ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. ಮಸ್ಕತ್‌ನ ಕಾರಿನ ಸ್ಟೀರಿಂಗ್ ಎಡಗಡೆ. ಮಾಮಾ ಬೇಸರ ಮಾಡಿಕೊಳ್ಳಬಾರದು.

ಇನ್ನು ನನ್ನ ಅನುಭವ. ಅಪ್ಪ 1986ರಲ್ಲಿ ತಂದ ಪದ್ಮಿನಿ ನಿನಗೆ ನೆನಪಿರಬೇಕು. ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಹಿಡಿಕೆ, ಮುಂದೆ ಮೂವರು ಕೂರುವಂಥ ಒಂದೇ ಉದ್ದನೆಯ ಸೀಟು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು, ಇಂಜಿನ್ ಕೆಮ್ಮುವುದನ್ನು ಕೇಳಿ, ಅರ್ಧ ಒಳಗೆ ತಳ್ಳಿ, ಮತ್ತೆ ಕಾಯಬೇಕು. ಮೂವತ್ತು ವರ್ಷ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ್‌ನಲ್ಲಿ ಲೇಥ್ ಮುಂದೆ ನಿಂತ ನನಗೆ ಆ ಗಾಡಿಯಲ್ಲಿ ತಿಳಿಯದ ಜಾಗವಿರಲಿಲ್ಲ. ಹೊಗೆ ಹೆಚ್ಚಾದಾಗ ಸಿಲಿಂಡರ್ ಬೋರಿಂಗ್ ಮಾಡಿಸಿ, ಅಂದರೆ ಒಳಗನ್ನು ಕೊರೆಸಿ ಅಗಲ ಮಾಡಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದು ನಮ್ಮ ಓಣಿಯಿಂದ ನಾಲ್ಕು ಶೆಡ್ ಆಚೆಗೆ. ಅದು ಕೆಡುತ್ತಿತ್ತು, ಆದರೆ ಕೆಟ್ಟದ್ದು ಬೆಳಗಾವಿಯಲ್ಲೇ ರಿಪೇರಿಯಾಗುತ್ತಿತ್ತು.

2019ರಲ್ಲಿ ನಾನು ತಂದ ಗಾಡಿ (ಕಂಪನಿಯ ಹೆಸರು ಬೇಡ) ಓಡಿಸಲು ನಿಜಕ್ಕೂ ಸುಖವಾದದ್ದು, ಅದನ್ನು ಮರೆಮಾಚುವುದಿಲ್ಲ. ಕೊಲ್ಹಾಪುರಕ್ಕೆ ಹೋಗಿಬಂದರೂ ಸೊಂಟ ಹಿಡಿಯುವುದಿಲ್ಲ. ಆದರೆ ಮರುವರ್ಷ ಚೋರ್ಲಾ ಘಾಟಿನಲ್ಲಿ ಮುಂದಿನ ಲಾರಿಯ ಗಾಲಿಯಿಂದ ಹಾರಿದ ಕಲ್ಲೊಂದು ಹೆಡ್‌ಲೈಟಿಗೆ ಬಡಿಯಿತು. ಗಾಜಿಗೆ ಏನೂ ಆಗಲಿಲ್ಲ. ಹಿಂಬದಿಯಲ್ಲಿ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ಕಿನ ಕಿವಿ ಮುರಿಯಿತು. ಆ ಕಿವಿಯೊಂದೇ ಸಿಗುವುದಿಲ್ಲ, ಇಡೀ ಹೆಡ್‌ಲೈಟ್ ತರಿಸಬೇಕು, ಅದು ಹೊರದೇಶದಿಂದ ಬರಬೇಕು ಎಂದರು. ಒಂಬತ್ತು ವಾರ ಕಾದೆ, ರಾತ್ರಿ ಗಾಡಿ ಹೊರಗೆ ತೆಗೆಯಲಿಲ್ಲ. ಕೊನೆಗೆ ಹಟ ಬಂದು ಎರಡು ಮಿಲಿಮೀಟರಿನ ಅಲ್ಯುಮಿನಿಯಂ ತಗಡು ಕತ್ತರಿಸಿ, ಅರದಿಂದ ಅಂಚು ಉಜ್ಜಿ, ತೂತು ಕೊರೆದು ನಾನೇ ಒಂದು ಕಿವಿ ಮಾಡಿ ಕೂರಿಸಿದೆ. ಇಂದಿಗೂ ಅದೇ ಇದೆ. ಆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಸೆನ್ಸರ್ ಹೋದಾಗ ಅರವೂ ಇಲ್ಲ, ಲೇಥೂ ಇಲ್ಲ. ಪಾರ್ಸೆಲ್ ಬರುವ ದಾರಿ ನೋಡುವುದಷ್ಟೇ ನನ್ನ ಕೆಲಸವಾಯಿತು.

ಗ್ರ್ಯಾಂಡ್ ವಿಟಾರಾ ಹೆಸರಿನ ಕಾರು ಓಣಿಗೊಂದು ಕಾಣಿಸುವುದರಿಂದ ಸ್ಪೇರ್ ಪಾರ್ಟ್ಸಿಗೆ ತೊಂದರೆಯಿಲ್ಲ ಎಂದು ನೀನು ಬರೆದಿದ್ದೀಯ. ಹೆಸರು ಒಂದೇ, ಗಾಡಿ ಬೇರೆ. 2022ರಿಂದ ಬಂದ ಗ್ರ್ಯಾಂಡ್ ವಿಟಾರಾ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುವಂಥದ್ದು. (ಆ ಕಿರ್ಲೋಸ್ಕರ್ ಮನೆತನದ ಉದ್ಯಮ 1888ರಲ್ಲಿ ಶುರುವಾದದ್ದು ಇದೇ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ, ಹೇಳದೆ ಬಿಟ್ಟರೆ ಉದ್ಯಮಬಾಗ್‌ನವರು ನನ್ನನ್ನು ಬಿಡುವುದಿಲ್ಲ.) ನೀನು ನೋಡಿರುವ 2.4 ಲೀಟರ್ ಪೆಟ್ರೋಲ್ ಗಾಡಿಯ ಇಂಜಿನ್ ಬೇರೆ, ಬಾಡಿ ಬೇರೆ. ಹೊಸದರ ಪಾರ್ಟ್ಸು ಇದಕ್ಕೆ ಕೂರುವುದಿಲ್ಲ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತರೂ ಅದರ ಕ್ಲಚ್ ಪ್ಲೇಟ್ ಕೇಳಿದರೆ ಅಂಗಡಿಯವನು ತಲೆ ಎತ್ತದೆ ತೆಗೆದುಕೊಡುತ್ತಾನೆ.

ಕಾಗದಪತ್ರದ ಮಾತಿನಲ್ಲಿ ಅವಸರ ಬೇಡ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಸಾಧಾರಣ ಕಾರಿಗೆ ಈ ಶುಲ್ಕ 5,000 ರೂಪಾಯಿ ಇದ್ದರೆ, ಆಮದು ಮಾಡಿದ ಕಾರಿಗೆ 40,000. ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಅದನ್ನು ಇಮ್ಮಡಿ ಮಾಡಿದ್ದಾರೆ: ಅಣ್ಣನ ಮಾರುತಿಗೆ 10,000, ಆಮದಿನದಕ್ಕೆ 80,000. 2011ರ ಗಾಡಿಯ ಹದಿನೈದು ವರ್ಷ ತುಂಬುವುದು 2026ರಲ್ಲಿ, ಅಂದರೆ ಮಾರುವವನು ಈಗಲೇ ಏಕೆ ಮಾರುತ್ತಿದ್ದಾನೆ ಎಂಬುದನ್ನು ನೀನೇ ಲೆಕ್ಕ ಹಾಕು. ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಆಮದು ಎಂದು ದಾಖಲಾಗಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡು. ಗಾಡಿಯ ಚೌಕಟ್ಟಿನ ಮೇಲೆ ಕೆತ್ತಿರುವ ಚಾಸಿ ಸಂಖ್ಯೆಯ ಮೊದಲ ಅಕ್ಷರ ‘ಜೆ’ ಇದ್ದರೆ ಜಪಾನು, ‘ಎಂಎ’ ಎಂದು ಆರಂಭವಾದರೆ ನಮ್ಮ ದೇಶ. ಇದರ ಮೇಲೆ ಗೋವಾದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು, ಕೆಎ 28 ನಂಬರ್ ಹಾಕಿಸಬೇಕು. ಜಿಎ ನಂಬರ್ ಇಟ್ಟುಕೊಂಡೇ ಓಡಿಸುತ್ತೇನೆ ಎಂದರೆ ಹನ್ನೆರಡು ತಿಂಗಳ ಆಚೆಗೆ ಕಾನೂನು ಒಪ್ಪುವುದಿಲ್ಲ.

ಪೆಟ್ರೋಲಿನ ಮಾತೂ ಇದೆ. ನಮ್ಮ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಸೇರಿದೆ, ರೈತನ ಮಗನಾಗಿ ನನಗೆ ಅದು ಸಂತೋಷದ ಸಂಗತಿ, ಹಳೆಯ ಗಾಡಿಯ ಮಾಲೀಕನಾಗಿ ಚಿಂತೆ. ಆ ಕಾಲದ ರಬ್ಬರ್ ಪೈಪುಗಳು, ಸೀಲುಗಳು ಅದಕ್ಕೆಂದು ಮಾಡಿದವಲ್ಲ. ಮಾರುತಿಯ ಪೈಪು ಬದಲಿಸಲು ಅರ್ಧ ದಿನ ಸಾಕು.

ಹೀಗಾಗಿ, ಮಾರುತಿ ಕೊಡಬೇಡ ಎಂದು ನಾನು ಹೇಳುತ್ತಿಲ್ಲ. ಬಾಗಲಕೋಟೆಗೆ ವಾರಕ್ಕೆ ಎರಡು ಸಲ ಓಡಾಡುವವನಿಗೆ ಏರ್‌ಬ್ಯಾಗ್ ಇರುವ ಗಾಡಿ ಬೇಕೇ ಬೇಕು. ಅದು ಇಲ್ಲಿ ತಯಾರಾದ ಐದಾರು ವರ್ಷದ ಗಾಡಿಯಾಗಿರಲಿ ಎಂಬುದು ನನ್ನ ಅಭಿಪ್ರಾಯ. ಇಷ್ಟಾದರೂ ಗೋವಾದ್ದೇ ಬೇಕೆಂದರೆ ಚಾಸಿ ಸಂಖ್ಯೆಯ ಮತ್ತು ಆರ್‌ಸಿಯ ಫೋಟೊ ನನಗೆ ಕಳಿಸು, ನೋಡಲು ಹೋಗುವಾಗ ವೈನಿಯವರನ್ನೂ ಕರೆದುಕೊಂಡು ಹೋಗಿ ಮುಂದಿನ ಸೀಟಿಗೆ ಹತ್ತಿಸಿ ನೋಡು. ನನ್ನ ಗಾಡಿ ಎತ್ತರ. ಅವ್ವ ಹತ್ತಲು ಪ್ರತಿ ಸಲ ಅಡುಗೆಮನೆಯ ಮಣೆ ತಂದು ಇಡಬೇಕಾಗುತ್ತಿತ್ತು. ಆ ಮಣೆ ಇನ್ನೂ ಡಿಕ್ಕಿಯಲ್ಲೇ ಇದೆ.