ಕೀಲ್‌ಗೆ ಕರಾವಳಿಯಲ್ಲಿ ಏನಂತಾರೆ? ಮರದ ಪುಟ್ಟ ಹಡಗು ಕಟ್ಟುವವರ ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ನಾನೂ ಇಬ್ಬರು ಗೆಳೆಯರೂ ಇತ್ತೀಚೆಗೆ ಒಂದು ಹೊಸ ಹುಚ್ಚು ಹಚ್ಚಿಕೊಂಡಿದ್ದೇವೆ. ಕಿಟ್ ತರಿಸಿ, ಅದರಲ್ಲಿರುವ ಮರದ ಪಟ್ಟಿ, ಕಡ್ಡಿ, ದಾರ ಎಲ್ಲ ಜೋಡಿಸಿ ಹಳೆಯ ಕಾಲದ ಹಡಗಿನ ಪುಟ್ಟ ರೂಪ ಕಟ್ಟುವುದು. ಕೈಗೆ ಅಂಟು, ಮೂಗಿಗೆ ಧೂಳು, ಮನಸ್ಸಿಗೆ ಒಳ್ಳೆಯ ಖುಷಿ. ಕಿಟ್ಟಿನ ಜೊತೆ ಬರುವ ಪುಸ್ತಿಕೆ ಇಂಗ್ಲಿಷಿನಲ್ಲೋ ಇಟಾಲಿಯನ್ನಿನಲ್ಲೋ ಇರುತ್ತದೆ. ಹೊಸಬರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡೋಣ ಅಂತ ಬರೆಯಲು ಕೂತರೆ ಹೆಜ್ಜೆ ಹೆಜ್ಜೆಗೂ ಪದ ಕೈಕೊಡುತ್ತಿದೆ. ನಮ್ಮದು ತುಮಕೂರು ಕಡೆ. ತೆಪ್ಪ, ಹರಿಗೋಲು ಬಿಟ್ಟರೆ ನೀರಿನ ಮೇಲೆ ಓಡುವ ಬೇರೇನನ್ನೂ ನೋಡಿ ಬೆಳೆದವರಲ್ಲ. ಹಾಗಾಗಿ ಕಾರವಾರದಿಂದ ಉಳ್ಳಾಲದವರೆಗಿನ ಬಳಗದವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ.

ಮೊದಲನೆಯದು ಕೀಲ್. ಹಡಗಿನ ತಳದಲ್ಲಿ ಮುಂದಿನ ತುದಿಯಿಂದ ಹಿಂದಿನ ತುದಿಯವರೆಗೆ ಓಡುವ ಉದ್ದನೆಯ ಮರ ಇದು. ಕೆಲಸ ಶುರುವಾಗುವುದೇ ಇಲ್ಲಿಂದ. ಇದು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಇಡೀ ಹಡಗು ಸೊಟ್ಟ. ನಿಘಂಟಿನಲ್ಲಿ 'ಅಡಿಗಟ್ಟು' ಇದೆ, 'ಏರಾ' ಕೂಡ ಇದೆ. ಏರಾ ತಮಿಳಿನಲ್ಲೂ ಇದೆ. ಮರಾಠಿಯವರು ಇದನ್ನೇ 'ಪಠಾಣ' ಅನ್ನುತ್ತಾರೆ. ಕಾರವಾರ, ಅಂಕೋಲಾ ಕಡೆ ದೋಣಿ ಕಟ್ಟುವವರು ಇದರಲ್ಲಿ ಯಾವುದನ್ನು ಬಳಸುತ್ತಾರೆ? ಅಡಿಗಟ್ಟು ಅಂದರೆ ನಮ್ಮ ಕಡೆಯವರಿಗೆ ಮನೆಯ ಪಾಯ ನೆನಪಾಗುತ್ತದೆ. ಏರಾ ಚಿಕ್ಕದು, ಚೊಕ್ಕದು. ಆದರೆ ಯಾರ ಬಾಯಲ್ಲೂ ಇಲ್ಲದ ಪದವನ್ನು ನಿಘಂಟಿನಿಂದ ಎಳೆದು ತರುವುದಕ್ಕಿಂತ ಸುಮ್ನೆ 'ಅಡಿಮರ' ಅಂದುಬಿಡುವುದು ವಾಸಿ ಅಲ್ವಾ?

ಎರಡನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಕಿಟ್ಟಿನಲ್ಲಿ ಕೀಲ್ ಒಂದು ಪ್ಲೈವುಡ್ ತುಂಡು. ಅದರಲ್ಲಿ ಸಾಲಾಗಿ ಕಚ್ಚು ಹೊಡೆದಿರುತ್ತಾರೆ. ಒಂದೊಂದು ಕಚ್ಚಿಗೂ ಒಂದೊಂದು ಅಡ್ಡ ಹಲಗೆ ಕೂರುತ್ತದೆ. ಹಡಗಿನ ಹೊಟ್ಟೆಗೆ ಆಕಾರ ಕೊಡುವುದು ಈ ಅಡ್ಡ ಹಲಗೆಗಳೇ. ಇಂಗ್ಲಿಷಿನಲ್ಲಿ ಇವಕ್ಕೆ ಬಲ್ಕ್‌ಹೆಡ್ ಅನ್ನುತ್ತಾರೆ. ತಕರಾರು ಇರುವುದು ಇಲ್ಲೇ. ನಿಜವಾದ ಹಡಗಿನಲ್ಲಿ ಬಲ್ಕ್‌ಹೆಡ್ ಅಂದರೆ ಕೋಣೆಗಳನ್ನು ಬೇರೆ ಮಾಡುವ ಗೋಡೆ. ಅಲ್ಲಿ ಆಕಾರ ಕೊಡುವುದು ಪಕ್ಕೆಲುಬಿನ ಮರಗಳು. ಕಿಟ್ಟಿನಲ್ಲಿ ಗೋಡೆಯ ಹೆಸರಿಟ್ಟುಕೊಂಡು ಪಕ್ಕೆಲುಬಿನ ಕೆಲಸ ಮಾಡುತ್ತದೆ. ಅದಕ್ಕೆ 'ಅಡ್ಡಗೋಡೆ' ಅಂತ ಬರೆದರೆ ಓದಿದವನು ಹಡಗಿನೊಳಗೆ ಕೋಣೆ ಹುಡುಕುತ್ತಾನೆ. 'ಅಡ್ಡಚ್ಚು' ಅಂತ ನಾನು ಕಟ್ಟಿಕೊಂಡಿದ್ದೇನೆ, ಅಡ್ಡಲಾಗಿ ನಿಲ್ಲುವ ಅಚ್ಚು ಅನ್ನುವ ಅರ್ಥದಲ್ಲಿ. ನಿಮಗೆ ಸರಿ ಅನಿಸುತ್ತದೆಯೇ? ನಿಜವಾದ ಪಕ್ಕೆಲುಬಿನ ಮರಕ್ಕೆ ದೋಣಿ ಕಟ್ಟುವವರು ಏನಂತಾರೆ ಅನ್ನುವುದೂ ಬೇಕು. ಮುಂದೆ ಒಂದೊಂದೇ ಪಕ್ಕೆಲುಬು ಜೋಡಿಸಿ ಕಟ್ಟುವ ದೊಡ್ಡ ಮಾದರಿಗೆ ಕೈಹಾಕಿದರೆ ಎರಡೂ ಪದ ಬೇಕಾಗುತ್ತವೆ.

ಆಮೇಲೆ ಹಲಗೆ ಹೊದಿಸುವ ಕೆಲಸ. ಕಿಟ್ಟಿನ ಹಲಗೆ 5 ಮಿಲಿಮೀಟರ್ ಅಗಲ, 1.5 ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಅದನ್ನು ಹಲಗೆ ಅನ್ನಲು ಬಾಯಿ ಬರುವುದಿಲ್ಲ, 'ಪಟ್ಟಿ' ಅಂತಲೇ ಬರೆದಿದ್ದೇನೆ. ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಬಿಸಿ ತಾಗಿಸಿ ಬಗ್ಗಿಸುತ್ತಾರೆ. ಹೊಸಬರು ಎಡವುವುದು ಬಗ್ಗಿಸುವುದರಲ್ಲಿ ಅಲ್ಲ, ಅಗಲದ ಲೆಕ್ಕದಲ್ಲಿ. ಹಡಗಿನ ನಡುವಿನಲ್ಲಿ ಮೇಲಂಚಿನಿಂದ ಅಡಿಮರದವರೆಗೆ ಸುತ್ತಳತೆ ಜಾಸ್ತಿ, ಮುಂಭಾಗದಲ್ಲಿ ಕಮ್ಮಿ. ಅಷ್ಟೇ ಪಟ್ಟಿಗಳು ಎರಡೂ ಕಡೆ ಹಿಡಿಯಬೇಕು. ಹಾಗಾಗಿ ಪ್ರತಿ ಪಟ್ಟಿಯನ್ನೂ ಮುಂದಕ್ಕೆ ಹೋದಂತೆ ಕಿರಿದು ಮಾಡುತ್ತಾ ಹೋಗಬೇಕು. ಮಾಡದಿದ್ದರೆ ಮುಂದುಗಡೆ ಪಟ್ಟಿ ಮೇಲೆ ಪಟ್ಟಿ ಹತ್ತಿ ಕೂರುತ್ತದೆ. ಇದಕ್ಕೆ ದಕ್ಷಿಣ ಕನ್ನಡದವರ 'ಸಪೂರ' ಹೇಳಿ ಮಾಡಿಸಿದ ಹಾಗಿದೆ. "ತುದಿ ಸಪೂರ ಮಾಡಿ" ಅಂತ ಬರೆದರೆ ಉಳಿದ ಜಿಲ್ಲೆಯವರಿಗೂ ತಿಳಿಯುತ್ತದೆ ತಾನೇ? ಹಿಂಭಾಗದಲ್ಲಿ ಕೆಲವೊಮ್ಮೆ ಉಲ್ಟಾ ಆಗಿ ಪಟ್ಟಿಗಳ ನಡುವೆ ಮೂಲೆಯಾಕಾರದ ಸಂದಿ ಬೀಳುತ್ತದೆ. ಅಲ್ಲಿ ತುರುಕುವ ತುಂಡಿಗೆ ಇಂಗ್ಲಿಷಿನವರು ಸ್ಟೀಲರ್ ಅನ್ನುತ್ತಾರೆ. ನಾವು ಅದನ್ನು ಕಳ್ಳ ಅನ್ನಬೇಕಾಗಿಲ್ಲ, ಬಡಗಿಗಳ 'ಬೆಣೆ' ಸಾಕು.

ಪಟ್ಟಿ ಹೊದಿಸುವ ಮುಂಚೆ ಇನ್ನೊಂದು ಕೆಲಸ ಇದೆ, ಅದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಅಡ್ಡಚ್ಚುಗಳ ಅಂಚನ್ನು ಉಪ್ಪು ಕಾಗದದಿಂದ ಓರೆಯಾಗಿ ಉಜ್ಜಬೇಕು. ಒಂದು ತೆಳು ಪಟ್ಟಿಯನ್ನು ಅವುಗಳ ಮೇಲೆ ಉದ್ದಕ್ಕೂ ಹಿಡಿದರೆ ಎಲ್ಲೂ ಎದ್ದು ನಿಲ್ಲದೆ, ಎಲ್ಲೂ ಸಂದಿ ಬಿಡದೆ ಕೂರಬೇಕು. ಇಂಗ್ಲಿಷಿನಲ್ಲಿ ಫೇರಿಂಗ್. 'ಓರೆ ಹೊಡೆಯುವುದು' ಅಂದರೆ ಒಂದು ಅಂಚಿನ ಮಾತಾಯಿತು. ಇಲ್ಲಿ ಎಲ್ಲ ಅಂಚುಗಳೂ ಸೇರಿ ಒಂದೇ ಓಟಕ್ಕೆ ಬರಬೇಕು. ಮರಗೆಲಸದ ಮನೆತನದವರು ಬಳಗದಲ್ಲಿದ್ದರೆ ದಯವಿಟ್ಟು ಹೇಳಿ.

ಇನ್ನು ಮಾಸ್ಟ್, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ. ನಿಘಂಟುಗಳು 'ಕೂವೆಮರ', 'ಪಟಸ್ತಂಭ' ಅನ್ನುತ್ತವೆ. ಪಟಸ್ತಂಭ ನನಗೆ ಬೇಡ, ಅದು ಪರೀಕ್ಷೆಗೆ ಬರೆಯುವ ಪದ. ಅಮರಕೋಶದಲ್ಲಿ ಇದಕ್ಕೆ ಕೂಪಕ, ಗುಣವೃಕ್ಷಕ ಅಂತ ಇದೆ. ಗುಣ ಅಂದರೆ ಹಗ್ಗ, ಹಗ್ಗದ ಮರ ಅಂದ ಹಾಗಾಯಿತು. ಕೂವೆಗೂ ಕೂಪಕಕ್ಕೂ ನಂಟು ಏನು, ಯಾವುದರಿಂದ ಯಾವುದು ಬಂತು ಅಂತ ತಿಳಿದವರು ಬರೆಯಿರಿ. ನಮ್ಮ ಮನೆಯಲ್ಲಿ ಕೂವೆ ಅಂದ ತಕ್ಷಣ ಮಕ್ಕಳಿಗೆ ಕಾಯಿಸಿಕೊಡುವ ಕೂವೆ ಹಿಟ್ಟು ನೆನಪಾಯಿತು, ಎಲ್ಲರೂ ನಕ್ಕರು. ಆದರೂ ಪದ ಚೆನ್ನಾಗಿದೆ, ಇಟ್ಟುಕೊಳ್ಳುವ ಆಸೆ. ಹಾಯಿಗಂತೂ ತೊಂದರೆಯೇ ಇಲ್ಲ. ತಮಿಳಿನ 'ಪಾಯ್' ನಮ್ಮಲ್ಲಿ ಹಾಯಿ, ಪಾಲು ಹಾಲಾದ ಹಾಗೆ. ಅವರು ಮಾಸ್ಟ್‌ಗೆ 'ಪಾಯ್‌ಮರಂ' ಅನ್ನುತ್ತಾರೆ, ಮರಾಠಿಯವರು 'ಡೋಲಕಾಠಿ' ಅನ್ನುತ್ತಾರೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಲ್ಲಿ ಕೆಲಸ ಮಾಡಿದ ಹಿರಿಯರು ಏನನ್ನುತ್ತಿದ್ದರು? ಭಟ್ಕಳದ ನವಾಯತರ ಮಾತಿನಲ್ಲಿ ಏನಿದೆ? ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೇಕಾದ ಉತ್ತರ ಇದು.

ಮೂರು ಕಂಬದ ಹಡಗಾದರೆ ಒಂದೊಂದಕ್ಕೂ ಬೇರೆ ಹೆಸರು. ಹಿಂದೂಸ್ತಾನಿಯಲ್ಲಿ ಇದಕ್ಕೆ ದಾಖಲೆ ಇದೆ. ಥಾಮಸ್ ರೋಬಕ್ ಅನ್ನುವವರು 1811ರಲ್ಲಿ ಕಲ್ಕತ್ತೆಯಲ್ಲಿ ಖಲಾಸಿಗಳ, ಅಂದರೆ ಹಡಗಿನ ಆಳುಗಳ, ಮಾತನ್ನು ಒಂದು ನಿಘಂಟಾಗಿ ಅಚ್ಚು ಹಾಕಿಸಿದರು. ಖಲಾಸಿಗಳು ಮುಂದಿನ ಕಂಬದ ಹಾಯಿಗೆ 'ತಿರ್ಕಟ್' ಅನ್ನುತ್ತಿದ್ದರು, ಪೋರ್ಚುಗೀಸರಿಂದ ಬಂದ ಮಾತು. ನಮ್ಮ ಚುಕ್ಕಾಣಿ ಅರಬ್ಬಿಯ ಸುಕ್ಕಾನ್‌ನಿಂದ, ಲಂಗರು ಪಾರಸಿಯಿಂದ. ಕಡಲಿನ ಮಾತು ಯಾವತ್ತೂ ಒಂದೇ ಊರಿನದಲ್ಲ. ಹಾಗಾಗಿ ಕೊಂಕಣಿ, ಬ್ಯಾರಿ, ತುಳು ಪದ ಸಿಕ್ಕರೂ ನನಗೆ ಸಂತೋಷವೇ. ಅಚ್ಚಗನ್ನಡವೇ ಆಗಬೇಕು ಅಂತ ಹಟ ಇಲ್ಲ.

ಹಗ್ಗಗಳ ವಿಷಯದಲ್ಲಿ ನಾನು ತೋಚಿದ್ದನ್ನು ಬರೆದುಕೊಂಡಿದ್ದೇನೆ, ತಿದ್ದಿ. ಕಂಬವನ್ನು ಎರಡೂ ಪಕ್ಕಕ್ಕೆ ಎಳೆದು ಹಿಡಿಯುವ ದಪ್ಪ ಹಗ್ಗಗಳಿಗೆ ಅಡ್ಡಲಾಗಿ ಸಣ್ಣ ಹಗ್ಗ ಕಟ್ಟಿ ಮೆಟ್ಟಿಲು ಮಾಡುತ್ತಾರಲ್ಲ, ಅದಕ್ಕೆ ನಮ್ಮ ಹಳೆಯ 'ನೂಲೇಣಿ' ಇದೆ. ಹಗ್ಗ ಎಳೆಯುವ ಗಾಲಿಗೆ 'ಕಪ್ಪಿ'. ದಪ್ಪ ಹಗ್ಗದ ಬುಡದಲ್ಲಿ ಮೂರು ತೂತಿನ ಗುಂಡನೆಯ ಮರದ ಬಿಲ್ಲೆ ಇರುತ್ತದೆ, ಇಂಗ್ಲಿಷಿನಲ್ಲಿ ಡೆಡ್‌ಐ. ಸತ್ತ ಕಣ್ಣು ಅಂತ ಬರೆದರೆ ಅಪಶಕುನ! ಸಿಪ್ಪೆ ಸುಲಿದ ತೆಂಗಿನಕಾಯಿಯ ಕಣ್ಣಿನ ಕಡೆ ನೋಡಿದರೆ ಥೇಟ್ ಹಾಗೇ ಕಾಣುತ್ತದೆ. ಅದಕ್ಕೇ 'ಮುಕ್ಕಣ್ಣು ಬಿಲ್ಲೆ' ಅಂದಿದ್ದೇನೆ. ಜಾಸ್ತಿಯಾಯಿತೇ?

ನೂಲೇಣಿಯ ಮೆಟ್ಟಿಲುಗಳನ್ನು ಕಟ್ಟುವ ಗಂಟಿನ ಹೆಸರು ಗೊತ್ತಾಗುತ್ತಿಲ್ಲ. ಹಗ್ಗವನ್ನು ಒಂದು ಸುತ್ತು ಹಾಕಿ, ಅದರ ಮೇಲೇ ದಾಟಿಸಿ, ಇನ್ನೊಂದು ಸುತ್ತು ಹಾಕಿ, ಆ ಎರಡನೇ ಸುತ್ತಿನ ಅಡಿಯಲ್ಲಿ ತುದಿ ತೂರಿಸಿ ಎಳೆಯುವುದು. ದನ ಕಟ್ಟುವವರೂ ಗೂಟಕ್ಕೆ ಇದನ್ನು ಹಾಕುತ್ತಾರೆ. ಕುಣಿಕೆ, ಜಾರುಗುಣಿಕೆ ಎರಡೂ ಇದಲ್ಲ. ಒಂದು ಹಡಗಿನಲ್ಲಿ ಇಂಥ ನೂರಾರು ಗಂಟು ಬರುತ್ತವೆ, ಹೆಸರಿಲ್ಲದೆ ಬರೆಯುವುದು ಹಿಂಸೆ.

ಕೊನೆಗೆ ಹವ್ಯಾಸದ ಹೆಸರು. 'ಮಾದರಿ ಹಡಗು' ಅಂದರೆ ಮಾದರಿ ಶಾಲೆ, ಮಾದರಿ ಗ್ರಾಮದ ಸಾಲಿಗೆ ಸೇರಿ, ಎಲ್ಲ ಹಡಗುಗಳೂ ಇದನ್ನು ನೋಡಿ ಕಲಿಯಲಿ ಅನ್ನುವ ಹಾಗಿದೆ. ಸದ್ಯಕ್ಕೆ 'ಪುಟ್ಟ ಹಡಗು' ಅಂತ ನಡೆಸಿದ್ದೇನೆ. ಕೈಪಿಡಿಯ ಮೊದಲ ಪಾಠ ಹಡಗೂ ಅಲ್ಲ, ಡೋರಿ ಅನ್ನುವ ಚಪ್ಪಟೆ ತಳದ ಅಮೆರಿಕನ್ ಮೀನುದೋಣಿ. ಮ್ಯಾಸಚೂಸೆಟ್ಸಿನ ಏಮ್ಸ್‌ಬರಿಯಲ್ಲಿ 1793ರಲ್ಲಿ ಶುರುವಾದ ಲೋವೆಲ್ ದೋಣಿಮನೆ ಇಂಥವನ್ನು ಕಟ್ಟಿ ಹೆಸರಾಯಿತು. ಕೂರುವ ಅಡ್ಡಮಣೆಗಳನ್ನು ಬಿಚ್ಚಿ ಒಂದರೊಳಗೊಂದು ಇಟ್ಟು ದೊಡ್ಡ ಹಡಗಿನ ಮೇಲೆ ಒಯ್ಯುತ್ತಿದ್ದರು. ಕಿಟ್ಟಿನ ಅಳತೆ 1:24, ಅಂದರೆ ನಿಜವಾದ ಒಂದು ಅಡಿಗೆ ಇಲ್ಲಿ ಅರ್ಧ ಅಂಗುಲ. ಕೆಲವರು ಶುರುವಿನಲ್ಲೇ ಬ್ರಿಟಿಷ್ ನೌಕಾಪತಿ ನೆಲ್ಸನ್ನನ 104 ತೋಪಿನ ಯುದ್ಧಹಡಗು ವಿಕ್ಟರಿಯ ಕಿಟ್ ಕೊಂಡು, ಅರ್ಧಕ್ಕೆ ಬಿಟ್ಟು, ಡಬ್ಬಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಡೋರಿಯನ್ನು 'ಪಾತಿ' ಅಂತ ಕನ್ನಡಿಸಿ ಅಂದರು ಒಬ್ಬರು. ನನಗೆ ಒಪ್ಪಿಗೆಯಿಲ್ಲ. ಪಾತಿ ನಮ್ಮ ಕರಾವಳಿಯ ಬೇರೆ ದೋಣಿ, ಡೋರಿ ಬೇರೆ. ದೋಣಿಯ ಹೆಸರು ಅದರ ಊರಿನದೇ ಇರಲಿ, ಭಾಗಗಳ ಹೆಸರು ನಮ್ಮವಾಗಲಿ.

ಉತ್ತರ ಬರೆಯುವಾಗ ಪದದ ಜೊತೆ ಊರನ್ನೂ, ಹೇಳಿದವರು ಮೀನಿನ ದೋಣಿಯವರೋ, ಸರಕಿನ ಮಂಜಿಯವರೋ, ದೋಣಿ ಕಟ್ಟುವ ಆಚಾರಿಗಳೋ ಅನ್ನುವುದನ್ನೂ ಸೇರಿಸಿ. ಒಂದೇ ಮರಕ್ಕೆ ಕಟ್ಟುವವರದ್ದು ಒಂದು ಹೆಸರು, ಓಡಿಸುವವರದ್ದು ಇನ್ನೊಂದು ಇರಬಹುದು. ಎರಡೂ ಸಿಕ್ಕರೆ ಎರಡನ್ನೂ ಕೈಪಿಡಿಗೆ ಹಾಕುತ್ತೇನೆ.