ಸ್ಮಾರಕ ಸ್ಪರ್ಧೆಯಲ್ಲಿ ಅಂಕ ಕೇಳುವುದು ತಪ್ಪಾ?

ನಾನು ಆರ್ಕಿಟೆಕ್ಟ್. ಸರ್ಕಾರಿ ದುಡ್ಡಿನ ಒಂದು ಸ್ಮಾರಕಕ್ಕೆ ವಿನ್ಯಾಸ ಕಳಿಸಿದ್ದೆ. ಎರಡು ತಿಂಗಳು ರಾತ್ರಿ ಕೂತು ಥರ್ಮಾಕೋಲ್ ಕತ್ತರಿಸಿ ಮಾಡೆಲ್ ಮಾಡಿದ್ದೆ. ಮೊನ್ನೆ ಗೆದ್ದವರ ಹೆಸರು ಮಾತ್ರ ಬಂತು. ತೀರ್ಪುಗಾರರು ಯಾರು, ಯಾರಿಗೆ ಎಷ್ಟು ಅಂಕ, ಒಂದೂ ಹೇಳಲಿಲ್ಲ. ಹಾಳೆಯ ಮೇಲೆ ಸಂಸ್ಥೆಯ ಹೆಸರು ಬರೆಯಲೇಬೇಕು ಅಂತ ನಿಯಮ ಬೇರೆ. ಯಾಕೆ ಸೋತೆ ಅಂತ ತಿಳಿಯಬೇಕು, ಅಷ್ಟೆ.

ಉತ್ತರ 1: ಖಂಡಿತ ತಪ್ಪಲ್ಲ. ವಾಷಿಂಗ್ಟನ್ನಿನಲ್ಲಿ, ವಿಯೆಟ್ನಾಂ ಯುದ್ಧದ ಅಮೆರಿಕನ್ ಯೋಧರ ಸ್ಮಾರಕಕ್ಕೆ 1981ರಲ್ಲಿ 1,421 ವಿನ್ಯಾಸ ಬಂದಿದ್ದವು. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರ್. 1,026ನೆಯದು ಗೆದ್ದಿತು, ನೋಡಿದರೆ ಇನ್ನೂ ಓದುತ್ತಿದ್ದ 21 ವರ್ಷದ ಮಾಯಾ ಲಿನ್! ಹೆಸರು ಕಾಣುತ್ತಿದ್ದರೆ ಆ ಹುಡುಗಿಯ ಹಾಳೆಯನ್ನು ಯಾರು ನೋಡುತ್ತಿದ್ದರು? ಅದು ದೇಣಿಗೆಯಲ್ಲಿ ಕಟ್ಟಿದ್ದು. ತೆರಿಗೆ ಹಣದ್ದಕ್ಕೆ ಇನ್ನೂ ಜಾಸ್ತಿ ಬಿಗಿ ಬೇಕು ಅಲ್ವಾ?

ಉತ್ತರ 2: ಹೆಸರು ಮುಚ್ಚಿದರೆ ಸಾಲದು. ಬರ್ಲಿನ್ನಿನ ಹೋಲೋಕಾಸ್ಟ್ ಸ್ಮಾರಕಕ್ಕೆ (ನಾಜಿಗಳು ಕೊಂದ ಯಹೂದಿಗಳ ನೆನಪಿನದು) 528 ವಿನ್ಯಾಸ ಬಂದವು, 1995ರಲ್ಲಿ ಆರಿಸಿದ್ದನ್ನು ಆಗಿನ ಜರ್ಮನ್ ಸರ್ಕಾರದ ಮುಖ್ಯಸ್ಥ, ಚಾನ್ಸಲರ್ ಹೆಲ್ಮುಟ್ ಕೋಲ್ ಒಪ್ಪಲಿಲ್ಲ, ಮತ್ತೆ ಹೊಸ ಸುತ್ತು. ಕೊನೆಗೆ 1999ರಲ್ಲಿ ಸಂಸತ್ತಿನಲ್ಲೇ ಮತ ಹಾಕಿದರು. ತಡವಾಯಿತು, ಆದರೆ ತೀರ್ಮಾನ ಎಲ್ಲರೆದುರು ಆಯಿತು.

ಉತ್ತರ 3: ಸುಮ್ನೆ ಕೂರಬೇಡಿ ಸರ್, ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಯಾಕೆ’ ಅಂತ ಕೇಳಬೇಡಿ, ಆಯ್ಕೆ ಸಭೆಯ ನಡಾವಳಿ ಮತ್ತು ಅಂಕಪಟ್ಟಿಯ ಪ್ರತಿ ಕೊಡಿ ಅಂತ ಬರೆಯಿರಿ.