ವಸೂಲಿಯವರ ಕಾಟ, ಸಿಬಿಲ್ 541: ಇದರಿಂದ ಹೊರಗ ಬಂದವರು ಅನುಭವ ಹೇಳ್ರಿ

ಕೇಳಿದವರು: ಕಲಬುರಗಿ, ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ

ಎಲ್ಲರಿಗೂ ಶರಣು. 2022ರಾಗ ಅಂಗಡಿ ಸಲುವಾಗಿ ಒಂದು ಫೈನಾನ್ಸ್ ಕಂಪನಿಯಿಂದ 1,50,000 ರೂಪಾಯಿ ಪರ್ಸನಲ್ ಲೋನ್ ತೊಗೊಂಡಿದ್ದೆ. ಒಂದೂವರಿ ವರ್ಷ ಒಂದ್ ಕಂತೂ ತಪ್ಪಿಸಿಲ್ಲ. ಆಮ್ಯಾಲ ಅಪ್ಪಗ ಲಕ್ವಾ ಹೊಡೀತು. ಇದ್ದ ರೊಕ್ಕ ಎಲ್ಲಾ ದವಾಖಾನಿಗಿ ಹೋಯ್ತು, ಕಂತು ನಿಂತವು. ಅಸಲು 82,000 ಉಳದದ, ಅವರು ಈಗ 1,24,000 ಅಂತಾರ. ದಿನಾ ಹತ್ತು ಹದಿನೈದು ಫೋನ್. ಹೋದ ವಾರ ಸೇಡಂನಾಗ ನಮ್ಮ ತಂಗಿ ಅತ್ತಿಮನಿಗೂ ಫೋನ್ ಹಚ್ಚಿ ನನ್ನ ಸಾಲದ ಸುದ್ದಿ ಹೇಳ್ಯಾರ. ಈಗ ಒಬ್ಬ ಏಜೆಂಟ್ "ಶುಕ್ರವಾರದೊಳಗ 55,000 ನನ್ನ ನಂಬರಿಗಿ ಫೋನ್‌ಪೇ ಮಾಡು, ಫೈಲ್ ಕ್ಲೋಸ್ ಮಾಡಿಸ್ತೀನಿ" ಅನ್ಲತ್ತಾನ. ಬ್ಯಾಂಕಿನಾಗ ಮುದ್ರಾ ಲೋನ್ ಕೇಳಿದ್ರ ಸಿಬಿಲ್ ಸ್ಕೋರ್ (ಸಾಲ ಹೆಂಗ ಕಟ್ಟೀವಿ ಅನ್ನೋದಕ್ಕ ಕೊಡೋ ಅಂಕ) 541 ಅದ, ಆಗಲ್ಲ ಅಂದ್ರು. ಏನ್ ಮಾಡ್ಲಿ?

ಉತ್ತರ: ನೆಹರು ಗಂಜಿನ ದಾಲ್ ಮಿಲ್‌ನಾಗ ಲೆಕ್ಕ ಬರೆಯೋರು

ತಮ್ಮಾ, ಆ ನಂಬರಿಗಿ ಒಂದ್ ರೂಪಾಯಿ ಸೈತ ಹಾಕಬ್ಯಾಡ. ನಾ ಹಾಕಿ ಕೂತವ. 2021ರಾಗ ಹಿಂಗೇ ಒಬ್ಬನ ಕೈಯಾಗ 8,000 ನಗದು ಕೊಟ್ಟೆ. ಒಂದು ಚೀಟಿ ಬರದು ಕೊಟ್ಟ, ಅದರ ಮ್ಯಾಲ ಕಂಪನಿ ಹೆಸರಿಲ್ಲ, ಲೋನ್ ನಂಬರ್ ಇಲ್ಲ. ಎರಡು ತಿಂಗಳಾದ ಮ್ಯಾಲ ಬ್ಯಾರೆ ಏಜೆಂಟ್ ಬಂದ, ಹಳೇ ಬಾಕಿನೇ ಕೇಳಿದ. ನನ್ನ 8,000 ಯಾವ ಲೆಕ್ಕದಾಗೂ ಇರಲಿಲ್ಲ. ದಿನವಿಡೀ ಮಂದಿ ಲೆಕ್ಕ ಬರೆಯೋ ನಾನು ನನ್ನ ಸಾಲಕ್ಕ ರಸೀದಿ ಇಟ್ಟಿರಲಿಲ್ಲ. ಅದು ಇವತ್ತಿಗೂ ನನಗ ಚುಚ್ಚತದ.

ಅವರು ಮನಿಗಿ ಬಂದ ದಿನ ನಮ್ಮವ್ವ ಒಳಗ ರೊಟ್ಟಿ ಬಡೀಲತ್ತಿದ್ಳು. ಇಬ್ಬರು ಹೊರಗ ಕಟ್ಟಿ ಮ್ಯಾಲ ಕೂತು ಓಣಿಗೆಲ್ಲಾ ಕೇಳಂಗ ಮಾತಾಡ್ಲತ್ತಿದ್ರು. ಅವ್ವನ ಕೈ ನಿಂತು ಬಿಡ್ತು, ಹಂಚಿನ ಮ್ಯಾಲಿನ ರೊಟ್ಟಿ ಕರಕಾತು. ಆವತ್ತು ನಾ ಹಿತ್ತಲ ಬಾಗಿಲಿಂದ ಹೊರಗ ಹೋಗಿದ್ದೆ. ಮುಂದಿನ ಸಲ ಹೋಗಲಿಲ್ಲ. ಎದುರಿಗಿ ನಿಂತು ಮೂರೇ ಮಾತು ಕೇಳಿದೆ: ನಿಮ್ಮ ಗುರುತಿನ ಚೀಟಿ ತೋರಸ್ರಿ, ಕಂಪನಿ ನಿಮಗ ಕೊಟ್ಟ ಅಧಿಕಾರ ಪತ್ರ ತೋರಸ್ರಿ, ಏಜೆನ್ಸಿ ಹೆಸರು ಹೇಳ್ರಿ. ಒಬ್ಬನ ಹತ್ತಿರ ಕಾರ್ಡ್ ಇತ್ತು, ಪತ್ರ ಇಬ್ಬರ ಹತ್ತಿರನೂ ಇಲ್ಲ. "ಪತ್ರ ತೊಗೊಂಡು ಬರ್ರಿ, ಕುಂದರಿಸಿ ಚಹಾ ಕೊಟ್ಟು ಮಾತಾಡ್ತೀನಿ" ಅಂದೆ. ಆಮ್ಯಾಲ ಮನಿಗಿ ಬರಲಿಲ್ಲ.

ಫೋನ್ ಬಂದಾಗೆಲ್ಲಾ ಬರದಿಡು. ನಾ ಗೋಡಿ ಕ್ಯಾಲೆಂಡರಿನ ಹಿಂದಿನ ಮಗ್ಗಲಕ ಬರೀತಿದ್ದೆ: ತಾರೀಖು, ಟೈಮು, ನಂಬರ್, ಏನಂದ. ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಾಗ ಸ್ಪಷ್ಟ ಹೇಳ್ಯದ, ವಸೂಲಿ ಫೋನ್ ಮುಂಜಾನಿ 8ಕ್ಕಿಂತ ಮೊದಲ, ಸಂಜಿ 7ರ ಮ್ಯಾಲ ಮಾಡಂಗಿಲ್ಲ. ಬೈಯಂಗಿಲ್ಲ, ಬೆದರಸಂಗಿಲ್ಲ, ಮಂದಿ ಮುಂದ ಮಾನ ತೆಗಿಯಂಗಿಲ್ಲ, ಬಳಗದವರ ಖಾಸಗಿ ಬದುಕಿನಾಗ ಕೈ ಹಾಕಂಗಿಲ್ಲ. ನಿನ್ನ ತಂಗಿ ಅತ್ತಿಮನಿಗಿ ಮಾಡ್ಯಾರಲ್ಲ, ಅದೇ ನಿನ್ನ ಮೊದಲನೇ ದೂರು. ಅವರ ಹತ್ತಿರ ಯಾವ ನಂಬರಿಂದ ಎಷ್ಟೊತ್ತಿಗಿ ಬಂತು ಅನ್ನೋದರ ಸ್ಕ್ರೀನ್‌ಶಾಟ್ ತರಿಸಿಕೋ. ಕಂಪನಿ ವೆಬ್‌ಸೈಟಿನಾಗ ಕುಂದುಕೊರತೆ ಅಧಿಕಾರಿಯ ಇಮೇಲ್ ಇರ್ತದ, ಅದಕ್ಕ ಹಾಕು. ಅದೇ ಇಮೇಲಿನಾಗ ಅಪ್ಪನ ದವಾಖಾನಿ ಕಾಗದ ಹಚ್ಚಿ, "ನಾ ಕಟ್ಟೋನೇ ಇದ್ದೀನಿ, ತಿಂಗಳಿಗಿ ಇಷ್ಟು ಆಗ್ತದ" ಅಂತ ಬರಿ. ಓಡಿಹೋಗೋನಲ್ಲ ಅನ್ನೋದು ಬರವಣಿಗಿಯಾಗ ಇರಬೇಕು.

ಇನ್ನ ದೊಡ್ಡ ಮಾತು. 55,000ಕ್ಕ ಕ್ಲೋಸ್ ಅಂತ ಅವ ಹೇಳೋದು ಖರೇ ಇದ್ರೂ ಅದು ಕ್ಲೋಸ್ ಅಲ್ಲ, ಸೆಟಲ್‌ಮೆಂಟ್, ಅಂದ್ರ ಬಾಕಿ ಕಮ್ಮಿ ಮಾಡಿ ಮುಗಸೋದು. ಸಿಬಿಲ್ ರಿಪೋರ್ಟಿನಾಗ 'ಸೆಟಲ್ಡ್' ಅಂತ ಬೀಳ್ತದ. ನಾ ಖುಷಿಲೆ ಸೆಟಲ್ ಮಾಡಿ, ಮರುವರ್ಷ ಗಾಡಿ ಲೋನಿಗಿ ಹೋದ್ರ ಮ್ಯಾನೇಜರ್ ಆ ಒಂದು ಶಬ್ದದ ಮ್ಯಾಲ ಬೆರಳಿಟ್ಟು ತೋರಿಸಿದ್ರು. ಕಡೀಗಿ ಕಂಪನಿ ಬಿಟ್ಟುಕೊಟ್ಟಿದ್ದ 31,000 ಸೈತ ಕಟ್ಟಿ 'ಕ್ಲೋಸ್ಡ್' ಮಾಡಿಸಿಕೊಂಡೆ. ಅದಕ್ಕ ನಿನಗ ಹೇಳೋದು: ರೊಕ್ಕ ಕಮ್ಮಿ ಮಾಡಂತ ಕೇಳಬ್ಯಾಡ. ದಂಡದ ಚಾರ್ಜ್ ಬಿಡ್ರಿ, ಅಸಲು, ಬಡ್ಡಿ ಕಂತಿನಾಗ ಪೂರ್ತಿ ಕಟ್ತೀನಿ, ಖಾತೆ 'ಕ್ಲೋಸ್ಡ್' ಅಂತ ಕಳಸ್ತೀರಿ ಅನ್ನೋದನ್ನ ಪತ್ರದಾಗ ಬರದು ಕೊಡ್ರಿ ಅಂತ ಕೇಳು. ಕೈಯಾಗ ಏನೂ ಇಲ್ಲದವರಿಗಿ ಸೆಟಲ್‌ಮೆಂಟ್ ತಪ್ಪಲ್ಲ, ಉಸಿರಾಡ್ಲಾಕ ಅದೂ ಬೇಕು. ನೀನು ಅಂಗಡಿ ನಡಸ್ಲತ್ತಿ, ಮುಂದ ಲೋನ್ ಬೇಕಾಗೋನು.

ಉತ್ತರ: ಸುರಪುರ, ಸ್ವಸಹಾಯ ಸಂಘದ ಅಕ್ಕ

ನಂದು ಪರ್ಸನಲ್ ಲೋನ್ ಅಲ್ಲ, ಮೈಕ್ರೋ ಫೈನಾನ್ಸ್. ಇದನ್ನ ಓದೋ ಹೆಣ್ಮಕ್ಕಳಿಗಿ ಬರೀಲತ್ತೀನಿ. ನಮ್ಮ ಗುಂಪಿನಾಗ ಒಬ್ಬಾಕಿ ಕಂತು ತಪ್ಪಿದ್ಲು ಅಂತ ರಾತ್ರಿ 9ರ ತನಕ ಆಕಿ ಮನಿ ಮುಂದ ಕೂತಿದ್ರು, ನಮ್ಮನ್ನೂ ಕರಸಿ ಕೂಡಿಸಿದ್ರು. ಆಕಿ ಕೂಸಿಗಿ ಹಾಲು ಕುಡಸ್ಲಾಕ ಸೈತ ಎದ್ದು ಹೋಗ್ಲಿಲ್ಲ, ಅಷ್ಟು ಅಂಜಿದ್ಲು. ಆವಾಗ ನಮಗ ಕಾಯ್ದಾ ಗೊತ್ತಿರಲಿಲ್ಲ. ಮೈಕ್ರೋ ಸಾಲಕ್ಕ ಟೈಮು ಇನ್ನೂ ಬಿಗಿ ಅದ, ಮುಂಜಾನಿ 9ರಿಂದ ಸಂಜಿ 6. ವಸೂಲಿ ಸಾಲ ಕೊಟ್ಟವರು, ತೊಗೊಂಡವರು ಇಬ್ಬರೂ ಕೂಡಿ ಗೊತ್ತು ಮಾಡಿದ ಜಾಗದಾಗೇ ಆಗಬೇಕು. ಸಾಲ ತೊಗೊಂಡವರು ಅಲ್ಲಿಗಿ ಸತತ ಎರಡು ಸಲ ಬರದಿದ್ರ ಮಾತ್ರ ಮನಿಗಿ ಬರಬಹುದು. 2025ರ ಫೆಬ್ರವರಿಯಾಗ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂತು, ಆಮ್ಯಾಲ ಅದೇ ಕಾಯ್ದಾ ಆತು, ಕಿರುಕುಳ ಕೊಟ್ಟು ವಸೂಲಿ ಮಾಡಿದವರಿಗಿ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ರಾತ್ರಿ ಬಂದು ಕೂತ್ರ 112ಕ್ಕ ಫೋನ್ ಮಾಡ್ರಿ. ನಾವು ಎರಡನೇ ಸಲ ಮಾಡಿದಿವಿ, ಪೊಲೀಸರು ಬಂದ್ರು, ಅವರು ಎದ್ದು ಹೋದ್ರು. ಸಾಲ ಕಟ್ಟಬೇಕು, ಕಟ್ಟೇ ಕಟ್ತೀವಿ. ಕೂಸಿನ ಹೊಟ್ಟಿಗಿ ಅಡ್ಡ ಕೂತು ಕೇಳೋದು ಮಾತ್ರ ನಡಿಯಂಗಿಲ್ಲ.

ಉತ್ತರ: ಬೀದರ್, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು

ಗಂಜಿನವರು ಹೇಳಿದ್ದು ಸರಿಯಾಗಿದೆ. ನಾನು ಮೇಜಿನ ಆ ಕಡೆ ಕೂತವನಾಗಿ ಕೆಲವನ್ನು ಸೇರಿಸುತ್ತೇನೆ.

ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. "ನಾಳೆ ಪೊಲೀಸರು ಬರ್ತಾರೆ" ಎಂಬ ಮಾತಿಗೆ ಹೆದರಬೇಡಿ. ಆದರೆ ಸಾಲ ಪಡೆಯುವಾಗ ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಬೇರೆಯೇ ಮಾತು. ನೋಟಿಸ್ ಕೈ ಸೇರಿ 15 ದಿನದೊಳಗೆ ಹಣ ಕೊಡದಿದ್ದರೆ ಪ್ರಕರಣ ಹೂಡಬಹುದು. ಕೋರ್ಟಿನ ಸಮನ್ಸ್ ಬಂದರೆ ದಯವಿಟ್ಟು ಮನೆಯಲ್ಲಿ ಮುಚ್ಚಿಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಕಂಪನಿ ದೂರಿಗೆ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ. ಖರ್ಚಿಲ್ಲ, ಕೇಳಲು 14448. ಕಂಪನಿಗೆ ಮೊದಲು ಬರೆದ ದಾಖಲೆ ಇಲ್ಲದೆ ಹೋದವರ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ, ಅದಕ್ಕೇ ಆ ಇಮೇಲ್ ಮುಖ್ಯ.

ಇನ್ನು ರಿಪೋರ್ಟ್. ಜನ ಎಲ್ಲದಕ್ಕೂ ಸಿಬಿಲ್ ಅನ್ನುತ್ತಾರೆ, ಆದರೆ ಸಂಸ್ಥೆಗಳು ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಸ್ಕೋರ್ ಒಂದನ್ನೇ ನೋಡಿ ಮುಚ್ಚಬೇಡಿ. ಒಳಗೆ ಪ್ರತಿ ಸಾಲಕ್ಕೂ ತಿಂಗಳಿಗೊಂದು ಚೌಕವಿರುತ್ತದೆ, ಆ ತಿಂಗಳು ಎಷ್ಟು ದಿನ ತಡ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಕಡೆ ಶರಣಬಸಪ್ಪ, ಬಸವರಾಜ ಎಂಬ ಹೆಸರು ಓಣಿಗೆ ನಾಲ್ಕು ಜನರಿಗೆ ಇರುತ್ತದೆ, ತಂದೆಯ ಹೆಸರೂ ಒಂದೇ ಆಗಿರುವುದುಂಟು. ಒಬ್ಬರ ಫ್ರಿಜ್ ಸಾಲ ಇನ್ನೊಬ್ಬರ ವರದಿಯಲ್ಲಿ ಕೂತದ್ದನ್ನು ನಾನೇ ಬಿಡಿಸಿದ್ದೇನೆ. ತಪ್ಪು ಕಂಡರೆ ಆ ಸಂಸ್ಥೆಯ ಜಾಲತಾಣದಲ್ಲೇ ತಕರಾರು ದಾಖಲಿಸಿ, ಸಾಲ ಕೊಟ್ಟವರಿಗೂ ಬರೆಯಿರಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.

ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ "ಸಿಬಿಲ್ ಸರಿ ಮಾಡಿಕೊಡುತ್ತೇವೆ" ಎಂದು ಚೀಟಿ ಅಂಟಿಸುವವರಿಗೆ ಹಣ ಕೊಡಬೇಡಿ. ನಿಜವಾಗಿ ತಡವಾದ ಕಂತನ್ನು ಯಾರಿಂದಲೂ ಅಳಿಸಲಾಗದು. ಅದರ ಮುಂದಿನ ಚೌಕಗಳನ್ನು ನೀವೇ ಸರಿಯಾಗಿ ತುಂಬಿಸುತ್ತ ಹೋಗಬೇಕು. ಒಂದು ಸಣ್ಣ ಎಫ್‌ಡಿ ಇಟ್ಟು ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ, ಮಿತಿಯ ಕಾಲುಭಾಗದಷ್ಟು ಮಾತ್ರ ಬಳಸಿ, ತಿಂಗಳಿಗೆ ಸರಿಯಾಗಿ ಪೂರ್ತಿ ಕಟ್ಟಿ. ಆ ನಡುವೆ ಹತ್ತು ಕಡೆ ಲೋನಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಗೂ ಸಾಲ ಕೊಡುವವರು ನಿಮ್ಮ ವರದಿ ತೆಗೆದು ನೋಡಿದ್ದು ಅದರಲ್ಲೇ ದಾಖಲಾಗುತ್ತದೆ.

ಉತ್ತರ: ಔರಾದ್ ತಾಲೂಕಿನ ರೈತರು

ರೈತರು ಒಂದು ನೆನಪಿಡ್ರಿ. ಬ್ಯಾಂಕಿನಾಗ ಸಾಲ ಮುಗೀತು ಅಂದ್ರ ಪಹಣಿಯಾಗ ಮುಗದಂಗಲ್ಲ. 11ನೇ ಕಾಲಂನಾಗ ಬೋಜಾ (ಹೊಲದ ಮ್ಯಾಲಿನ ಸಾಲದ ಹೊರೆ) ಹಂಗೇ ಇರ್ತದ. ನಂದು ಎರಡು ವರ್ಷ ಇತ್ತು, ಮಗಳ ಮದಿವಿಗಿ ಎಕರೆ ಹೊಲ ಕೊಡ್ಲಾಕ ಹೋದಾಗ ಗೊತ್ತಾತು. ಬ್ಯಾಂಕಿನಿಂದ ಬೇಬಾಕಿ ಪತ್ರ ತೊಗೊಂಡು ಬೋಜಾ ತೆಗಸ್ರಿ, ಹೊಸ ಪಹಣಿ ಕೈಗಿ ಬಂದ ಮ್ಯಾಲೇ ಮನಿಗಿ ಹೋಗ್ರಿ.

ಕೇಳಿದವರು, ಐದು ವಾರದ ಮ್ಯಾಲ

ಎಲ್ಲರಿಗೂ ಕೈ ಮುಗಿತೀನಿ. ಶುಕ್ರವಾರ ರೊಕ್ಕ ಹಾಕ್ಲಿಲ್ಲ. ಪತ್ರ ಕೇಳಿದೆ, ಆ ಏಜೆಂಟ್ ಬೈದು ಫೋನ್ ಇಟ್ಟ, ಅದನ್ನೂ ಟೈಮ್ ಹಾಕಿ ಬರದಿಟ್ಟೆ. ತಂಗಿ ಅತ್ತಿಮನಿಯಿಂದ ಸ್ಕ್ರೀನ್‌ಶಾಟ್ ಫೋನಿನಾಗ ಕೇಳ್ಲಾಕ ಬಾಯಿ ಬರಲಿಲ್ಲ, ನಾನೇ ಸೇಡಂಗ ಹೋದೆ. ಮಾವನೋರ ಮುಂದ ಕೂತು ಅಪ್ಪನ ದವಾಖಾನಿ, ಸಾಲ, ಎಲ್ಲಾ ಹೇಳಿದೆ. ಅವರು ಏನೂ ಅನ್ಲಿಲ್ಲ, ಎದ್ದು ಹೋಗಿ ಫೋನ್ ತಂದು ನನ್ನ ಕೈಯಾಗ ಕೊಟ್ರು.

ಇಮೇಲ್ ಹಾಕಿದ ಹದಿನೇಳನೇ ದಿನಕ್ಕ ಕಂಪನಿಯಿಂದ ಉತ್ತರ ಬಂತು. ದಂಡದ ಚಾರ್ಜ್ ಬಿಟ್ಟು 97,000, ಆರು ಕಂತು, ಪೂರ್ತಿ ಕಟ್ಟಿದ ಮ್ಯಾಲ 'ಕ್ಲೋಸ್ಡ್' ಅಂತ ಕಳಸ್ತೀವಿ ಅಂತ ಬರದು ಕೊಟ್ಟಾರ. ಮೊದಲನೇ ಕಂತು ಲೋನ್ ಖಾತೆಗೇ ಕಟ್ಟಿದೆ. ರಸೀದಿ ಥರ್ಮಲ್ ಕಾಗದದ್ದು, ಅಕ್ಷರ ಅಳಸತಾವ ಅಂತ ಎರಡು ಝೆರಾಕ್ಸ್ ಮಾಡಿಸಿ ಒಂದು ಅಂಗಡಿಯಾಗ, ಒಂದು ಮನ್ಯಾಗ ಇಟ್ಟೀನಿ. ರಿಪೋರ್ಟ್ ನಾಲ್ಕೂ ತೆಗದೆ, ಒಂದರಾಗ ನನಗ ಗೊತ್ತಿಲ್ಲದ 11,000ದ್ದೊಂದು ಸಾಲ ಅದ. ತಕರಾರು ಹಾಕೀನಿ, ಇವತ್ತಿಗಿ ಒಂಬತ್ತನೇ ದಿನ.